ಕಮ್ಯುನಿಟಿ ಕಾಲೇಜಿನಲ್ಲಿ ಕೌನ್ಸೆಲಿಂಗ್ ಓದಬೇಕು ಅಂತಿರುವ ತಂಗಿಗೆ

ನೀವು ಬರೆದದ್ದು ಇಷ್ಟು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಿರಿ. ಮದುವೆಯಾಗಿ, ಯಜಮಾನರ ಕೆಲಸದ ವೀಸಾ ಜೊತೆಗೆ ಸಿಗುವ ಎಚ್‌4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಸನಿವೇಲ್‌ಗೆ ಬಂದಿದ್ದೀರಿ. ಮಗು ಈಗ ಪ್ರೀಸ್ಕೂಲಿಗೆ ಹೋಗುತ್ತಿದೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜಿನಲ್ಲಿ, ಕೌನ್ಸೆಲಿಂಗ್, ಸೈಕಾಲಜಿ ಓದಿದರೆ ಕೌನ್ಸೆಲರ್ ಆಗಬಹುದಾ, ಎಷ್ಟು ಖರ್ಚಾಗುತ್ತದೆ, ನಿಮ್ಮ ಇಂಗ್ಲಿಷ್ ಸಾಲುತ್ತದಾ ಅಂತ ಕೇಳಿದ್ದೀರಿ. ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ನಾನೂ ಇದೇ ದಾರಿಯಲ್ಲಿ ಬಂದವಳು. ಈಗ ಲೈಸೆನ್ಸ್ ಪಡೆದು ಇಲ್ಲೇ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದ್ದೇನೆ.

ಓದಿ, ಖಂಡಿತ ಓದಿ. ಆದರೆ ಈ ದಾರಿ ಎಷ್ಟು ಉದ್ದ ಅನ್ನುವುದು ಮೊದಲೇ ಗೊತ್ತಿರಲಿ. ಕಮ್ಯುನಿಟಿ ಕಾಲೇಜು ಮುಗಿಸಿದ ತಕ್ಷಣ ಇಲ್ಲಿ ಯಾರೂ ಥೆರಪಿಸ್ಟ್ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ದಂಪತಿಗಳು, ಕುಟುಂಬಗಳ ಜೊತೆ ಥೆರಪಿ ಮಾಡುವವರ ಲೈಸೆನ್ಸಿಗೆ ಎಲ್‌ಎಮ್‌ಎಫ್‌ಟಿ ಅನ್ನುತ್ತಾರೆ. ಅದಕ್ಕೆ ಮಾಸ್ಟರ್ಸ್ ಡಿಗ್ರಿ ಬೇಕು. ಹಿರಿಯರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ ಮಾಡಬೇಕು. ಆ ಗಂಟೆಗಳನ್ನು ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು ಅಂತ, ಲೈಸೆನ್ಸ್ ಕೊಡುವ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್‌ನ ನಿಯಮ. ಜೊತೆಗೆ ಕಾನೂನು ಮತ್ತು ನೀತಿಯ ಮೇಲೊಂದು ಪರೀಕ್ಷೆ, ಕೊನೆಗೆ ಕ್ಲಿನಿಕಲ್ ಪರೀಕ್ಷೆ. ಕ್ಲಿನಿಕಲ್ ಕೌನ್ಸೆಲರುಗಳ ಎಲ್‌ಪಿಸಿಸಿ ಅನ್ನುವ ಇನ್ನೊಂದು ಲೈಸೆನ್ಸಿಗೂ 3,000 ಗಂಟೆಯೇ. ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳಲು ಡಾಕ್ಟರೇಟ್ ಬೇಕು. ಮನೆ, ಮಗು ನೋಡಿಕೊಂಡು ಓದುವವರಿಗೆ ಒಟ್ಟು ಏಳೆಂಟು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಇದನ್ನು ಓದಿ ಎದೆಗುಂದಬೇಡಿ. ನಿಮ್ಮ ಕೈಯಲ್ಲಿ ಆಗಲೇ ಒಂದು ಡಿಗ್ರಿ ಇದೆ, ಅಲ್ವಾ? ಬಹಳ ಜನ ಅದನ್ನು ಮರೆತು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಕೌನ್ಸೆಲಿಂಗ್ ಮಾಸ್ಟರ್ಸ್ ಕೊಡುವ ಎಷ್ಟೋ ವಿಶ್ವವಿದ್ಯಾಲಯಗಳು ಯಾವ ವಿಷಯದಲ್ಲಿ ಡಿಗ್ರಿ ಮಾಡಿದವರನ್ನೂ ತೆಗೆದುಕೊಳ್ಳುತ್ತವೆ. ಮೊದಲು ಕೆಲವು ಸೈಕಾಲಜಿ ಕ್ಲಾಸ್ ಮುಗಿಸಿರಬೇಕು ಅಂತ ಕೇಳುತ್ತವೆ, ಅಷ್ಟೇ. ಸಾಮಾನ್ಯವಾಗಿ ಸೈಕಾಲಜಿ ಪರಿಚಯ, ಸ್ಟಾಟಿಸ್ಟಿಕ್ಸ್, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆ, ಮಾನಸಿಕ ಕಾಯಿಲೆಗಳು, ಇವು ಪಟ್ಟಿಯಲ್ಲಿ ಇರುತ್ತವೆ. ಇವೆಲ್ಲ ಕಮ್ಯುನಿಟಿ ಕಾಲೇಜಿನಲ್ಲೇ ಸಿಗುತ್ತವೆ. ಹಾಗಾಗಿ ನಿಮಗೆ ಬೇಕಿರುವುದು ನಾಲ್ಕೈದು ಕ್ಲಾಸ್ ಇರಬಹುದು. 60 ಯೂನಿಟ್‌ನ (ಯೂನಿಟ್ ಅಂದರೆ ಓದಿನ ಅಳತೆ) ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಪೂರ್ತಿ ಮಾಡಲೇಬೇಕು ಅಂತಿಲ್ಲ.

ಒಂದೇ ತೊಡಕು ನಿಮ್ಮ ಮೂರು ವರ್ಷದ ಬಿ.ಕಾಂ. ಅದನ್ನು ಇಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಮೊದಲು ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಹೊರದೇಶದ ಡಿಗ್ರಿಗಳನ್ನು ಅಳೆದು ಹೇಳುವ ಡಬ್ಲ್ಯೂಇಎಸ್ ತರಹದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ. ನಿಮ್ಮ ಯೂನಿವರ್ಸಿಟಿಯಿಂದ ಮುಚ್ಚಿದ ಲಕೋಟೆ ತರಿಸುವುದೋ, ಆನ್‌ಲೈನ್‌ನಲ್ಲಿ ಕಳಿಸುವುದೋ, ಅದಕ್ಕೇ ತಿಂಗಳುಗಳು ಹಿಡಿಯಬಹುದು. ಊರಲ್ಲಿ ತಮ್ಮನೋ ಅಪ್ಪನೋ ಓಡಾಡಿ ಮಾಡಿಸಿಕೊಡುವವರು ಇದ್ದರೆ ಈಗಲೇ ಹೇಳಿಡಿ. ಒಪ್ಪದಿದ್ದರೆ ಕಮ್ಯುನಿಟಿ ಕಾಲೇಜಿನಲ್ಲೇ ಸೈಕಾಲಜಿಯಲ್ಲಿ ಟ್ರಾನ್ಸ್‌ಫರ್ ಡಿಗ್ರಿ ಮಾಡಿ, ರಾಜ್ಯದ ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ ಇದೆ. 2010ರ ಒಂದು ಕಾನೂನಿನಿಂದಾಗಿ ಆ ಡಿಗ್ರಿ ಮುಗಿಸಿದವರಿಗೆ ಕ್ಯಾಲ್ ಸ್ಟೇಟ್‌ನಲ್ಲಿ ಸೀಟು ಖಾತ್ರಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಅಂತ ಮಾತ್ರ ಖಾತ್ರಿ ಇಲ್ಲ.

ಕ್ಲಾಸ್ ಆರಿಸುವಾಗ ಒಂದು ಎಚ್ಚರಿಕೆ. ಕಾಲೇಜಿನ ಪಟ್ಟಿಯಲ್ಲಿ ಕೌನ್ಸೆಲಿಂಗ್ ಅನ್ನುವ ತಲೆಬರಹದ ಕೆಳಗೆ ಇರುವ ಬಹುಪಾಲು ಕ್ಲಾಸುಗಳು ಹೊಸ ವಿದ್ಯಾರ್ಥಿಗಳಿಗೆ ಓದುವ ಕ್ರಮ, ಕೆಲಸ ಆರಿಸುವ ಬಗೆ ಹೇಳಿಕೊಡುವಂಥವು. ನಿಮಗೆ ಬೇಕಿರುವುದು ಸೈಕಾಲಜಿ ಅಥವಾ ಹ್ಯೂಮನ್ ಸರ್ವಿಸಸ್ ವಿಭಾಗದಲ್ಲಿ ಇರುತ್ತದೆ. ಕುಡಿತ, ಡ್ರಗ್ಸ್ ಚಟ ಇರುವವರಿಗೆ ಕೌನ್ಸೆಲಿಂಗ್ ಮಾಡುವ ತರಬೇತಿ ಸ್ಯಾನ್ ಹೊಸೆ ಸಿಟಿ ಕಾಲೇಜ್, ಕಾಲೇಜ್ ಆಫ್ ಸ್ಯಾನ್ ಮಟೇಯೊ ಇಲ್ಲೆಲ್ಲ ಇದೆ. ಕಮ್ಯುನಿಟಿ ಕಾಲೇಜಿನ ಓದಿನ ಮೇಲೇ ಕೌನ್ಸೆಲರ್ ಅಂತ ಕೆಲಸಕ್ಕೆ ಸೇರಬಹುದಾದ ದೊಡ್ಡ ಅವಕಾಶ ಇದೊಂದೇ. ಅದಕ್ಕೂ ಪ್ರಮಾಣಪತ್ರ, ಪರೀಕ್ಷೆ, 2,080 ಗಂಟೆಯ ಅನುಭವ ಎಲ್ಲ ಬೇಕು. ನಮ್ಮವರಲ್ಲಿ ಕುಡಿತದ ಸಮಸ್ಯೆ ಇಲ್ಲ ಅಂದುಕೊಂಡು ಇದನ್ನು ಪಕ್ಕಕ್ಕೆ ತಳ್ಳಬೇಡಿ. ಇದೆ. ಮಾತಾಡುವುದಿಲ್ಲ, ಅಷ್ಟೇ.

ಇನ್ನು ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಅದೇ ದರ ಇದೆ. ಮೂರು ಯೂನಿಟ್‌ನ ಕ್ಲಾಸಿಗೆ 138 ಡಾಲರ್ ಆಯಿತು. ನಿಮ್ಮ ಹತ್ತಿರದ ಡಿ ಆಂಜಾ, ಫುಟ್‌ಹಿಲ್ ಎರಡೂ ಕಾಲೇಜುಗಳು ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿಯವು, ಅಲ್ಲಿ ಯೂನಿಟ್‌ಗೆ 31. ನಿವಾಸಿಗಳಲ್ಲದವರಿಗೆ ಇದು ಎಷ್ಟೋ ಪಟ್ಟು ಜಾಸ್ತಿ. ಎಚ್‌4ನವರೂ ನಿವಾಸಿ ಅಂತ ಅನ್ನಿಸಿಕೊಳ್ಳಬಹುದು. ಕ್ಲಾಸ್ ಶುರುವಾಗುವ ಮುಂಚೆ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ಇದ್ದು, ಇಲ್ಲೇ ನೆಲೆಸಿದ್ದೇವೆ ಅಂತ ತೋರಿಸಬೇಕು. ಡ್ರೈವಿಂಗ್ ಲೈಸೆನ್ಸ್, ನಿಮ್ಮ ಹೆಸರೂ ಇರುವ ಮನೆ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ರಾಜ್ಯದ ಟ್ಯಾಕ್ಸ್ ರಿಟರ್ನ್, ಇಂಥ ಕಾಗದಪತ್ರ ಕೇಳುತ್ತಾರೆ. ಮನೆಯ ಎಲ್ಲ ಕಾಗದವೂ ಯಜಮಾನರ ಹೆಸರಿನಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಇವತ್ತೇ ನಿಮ್ಮ ಹೆಸರನ್ನೂ ಸೇರಿಸಿ. ಓದಿಗಾಗಿ ಮಾತ್ರ ಹೇಳುತ್ತಿಲ್ಲ, ಪರದೇಶದಲ್ಲಿ ಪ್ರತಿ ಹೆಣ್ಣುಮಗಳ ಹೆಸರಲ್ಲೂ ನಾಲ್ಕು ಕಾಗದ ಇರಬೇಕು. ಫೆಡರಲ್ ಸರ್ಕಾರದ ಹಣಸಹಾಯ ಎಚ್‌4ಗೆ ಸಿಗುವುದಿಲ್ಲ. ಪುಸ್ತಕಕ್ಕೆ ಜಾಸ್ತಿ ಸುರಿಯಬೇಡಿ, ಓಪನ್‌ಸ್ಟಾಕ್ಸ್‌ನವರ ಸೈಕಾಲಜಿ ಪಠ್ಯ ಆನ್‌ಲೈನ್‌ನಲ್ಲಿ ಪುಕ್ಕಟೆ ಇದೆ.

ಎಚ್‌4ನಲ್ಲಿ ಓದಲು ಬೇರೆ ವೀಸಾ ಬೇಡ. ಸಂಬಳದ ಕೆಲಸಕ್ಕೆ ಮಾತ್ರ ವರ್ಕ್ ಪರ್ಮಿಟ್ ಬೇಕು. 2015ರಿಂದ ಕೆಲವು ಎಚ್‌4ನವರಿಗೆ ಅದು ಸಿಗುತ್ತಿದೆ. ಹೆಚ್ಚಿನವರಿಗೆ ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆ ಆದ ಮೇಲೆ. ಮಾಸ್ಟರ್ಸ್ ಸೇರುವ ಹೊತ್ತಿಗೆ ನಿಮ್ಮ ಸ್ಥಿತಿ ಏನಿರುತ್ತದೆ ಅಂತ ಈಗಲೇ ಲೆಕ್ಕ ಹಾಕಿ, ಯಾಕೆಂದರೆ ಆ 3,000 ಗಂಟೆ ಅಂದರೆ ನಿಜವಾದ ಕೆಲಸ. ಸಂಬಳ ಇಲ್ಲದೆ ಮಾಡಿದರೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ.

ಸರಿ, ಕ್ಲಾಸಿನ ಒಳಗೆ ಬರೋಣ. ನನಗೆ ಹೇಳಬೇಕು ಅನ್ನಿಸುವುದು ಇದರ ಬಗ್ಗೆಯೇ.

ಕೌನ್ಸೆಲಿಂಗ್ ಕೌಶಲದ ಕ್ಲಾಸಿನಲ್ಲಿ ಮೂರು ಮೂರು ಜನರ ಗುಂಪು ಮಾಡುತ್ತಾರೆ. ಒಬ್ಬರು ತಮ್ಮ ಜೀವನದ ಒಂದು ಸಣ್ಣ ತೊಂದರೆ ಹೇಳಬೇಕು. ಒಬ್ಬರು ಕೇಳಿಸಿಕೊಳ್ಳಬೇಕು. ಮೂರನೆಯವರು ಗಮನಿಸಿ ಬರೆದುಕೊಳ್ಳಬೇಕು. ಕೇಳಿಸಿಕೊಳ್ಳುವವರಿಗೆ ಒಂದೇ ನಿಯಮ: ಬುದ್ಧಿ ಹೇಳಬಾರದು. ಇದು ಎಷ್ಟು ಕಷ್ಟ ಅಂತ ಕೂತಾಗಲೇ ಗೊತ್ತಾಗುವುದು. ನಾವು ಬೆಳೆದದ್ದೇ ಹಾಗೆ. ಯಾರಾದರೂ ಅತ್ತರೆ "ಹೋಗ್ಲಿ ಬಿಡು", "ಎಲ್ಲಾ ಸರಿ ಹೋಗುತ್ತೆ", "ನೀನು ಸ್ವಲ್ಪ ಹೊಂದಿಕೊಂಡು ಹೋಗು" ಅಂತ ಬಾಯಿಗೆ ತಾನೇ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಎದುರಿಗೆ ಕೂತವರಿಗೆ ತಮ್ಮ ಮಾತು ಅಲ್ಲಿಗೆ ಮುಗಿಯಿತು ಅನ್ನಿಸಿಬಿಡುತ್ತದೆ. ಕಾರ್ಲ್ ರೋಜರ್ಸ್ ಅನ್ನುವ ಮನಃಶಾಸ್ತ್ರಜ್ಞ 1957ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಒಬ್ಬ ಮನುಷ್ಯ ಬದಲಾಗಲು ಎದುರಿಗಿರುವ ಥೆರಪಿಸ್ಟ್ ಹೇಗಿರಬೇಕು ಅಂತ ವಿವರಿಸಿದ್ದಾರೆ. ಮುಖವಾಡ ಇಲ್ಲದೆ ಇರಬೇಕು, ಷರತ್ತು ಹಾಕದೆ ಒಪ್ಪಿಕೊಳ್ಳಬೇಕು, ಅವರ ಒಳಗಿನಿಂದ ನಿಂತು ಅರ್ಥ ಮಾಡಿಕೊಳ್ಳಬೇಕು. ಓದಲು ಸರಳ. ಹತ್ತು ನಿಮಿಷ ಹಾಗೆ ಕೂತು ನೋಡಿ, ಬೆವರು ಬರುತ್ತದೆ.

ಎರಡನೆಯದು ಗುಟ್ಟು ಕಾಪಾಡುವ ವಿಷಯ. ಇಲ್ಲಿ ಕೌನ್ಸೆಲಿಂಗ್ ಓದುವ ಎಲ್ಲರಿಗೂ ತಾರಾಸಾಫ್ ಮೊಕದ್ದಮೆ ಕಲಿಸುತ್ತಾರೆ. ಅದು ನಮ್ಮ ದೇಶದಿಂದ ಬರ್ಕ್ಲಿಗೆ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿಯ ಕಥೆ ಅಂತ ತಿಳಿದಾಗ ಮನಸ್ಸು ಕಲಕುತ್ತದೆ. ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ಆತ ತನ್ನನ್ನು ಒಪ್ಪದ ಟಟಿಯಾನಾ ತಾರಾಸಾಫ್ ಎಂಬ ಹುಡುಗಿಯನ್ನು ಕೊಲ್ಲುವ ಮಾತನ್ನು ವಿಶ್ವವಿದ್ಯಾಲಯದ ಸೈಕಾಲಜಿಸ್ಟ್ ಮುಂದೆ ಆಡಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟರು. ಹುಡುಗಿಗಾಗಲಿ, ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಆತ ಅವಳನ್ನು ಕೊಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡುವ ಹೊಣೆ ಥೆರಪಿಸ್ಟ್ ಮೇಲಿದೆ ಅಂತ ತೀರ್ಪು ಕೊಟ್ಟಿತು. ಗುಟ್ಟು ಎಲ್ಲಿಗೆ ನಿಲ್ಲಬೇಕು ಅನ್ನುವ ಗೆರೆ ಹೀಗೆ ಬಂತು. ಮಕ್ಕಳ ಮೇಲೆ ದೌರ್ಜನ್ಯದ ಅನುಮಾನ ಬಂದರೂ ಅಷ್ಟೇ. ತಕ್ಷಣ ಮಕ್ಕಳ ರಕ್ಷಣೆಯ ಇಲಾಖೆಗೋ ಪೊಲೀಸರಿಗೋ ಫೋನ್ ಮಾಡಬೇಕು, 36 ಗಂಟೆಯೊಳಗೆ ಬರೆದು ಕೊಡಬೇಕು. "ಮನೆ ವಿಷಯ" ಅಂತ ಸುಮ್ನೆ ಇರುವಂತಿಲ್ಲ.

ಇಂಥ, ಕಾನೂನು ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಉಳಿದ ಯಾವುದನ್ನೂ ಆಚೆ ಹೇಳುವಂತಿಲ್ಲ ಅನ್ನುವಷ್ಟು ಬಿಗಿ. ನಮ್ಮ ಜನರ ನಡುವೆ ಇದು ಇನ್ನೂ ಮುಖ್ಯ. ಬೇ ಏರಿಯಾ ಎಷ್ಟೇ ದೊಡ್ಡದಿರಲಿ, ಕನ್ನಡದವರು ಒಬ್ಬರಿಗೊಬ್ಬರು ಪರಿಚಯ. ನಿಮ್ಮ ಹತ್ತಿರ ಕೂತು ಅತ್ತವರೇ ಕನ್ನಡ ಕೂಟದ ಯುಗಾದಿ ಊಟದಲ್ಲಿ ನಿಮ್ಮ ಎದುರು ಎಲೆಗೆ ಕೂತಿರುತ್ತಾರೆ. ಅವರು ಮಾತಾಡಿಸುವವರೆಗೆ ನೀವು ಗುರುತು ತೋರಿಸಬಾರದು. ನಿಮ್ಮ ಯಜಮಾನರಿಗೂ ಹೇಳಬಾರದು. ಇದು ನಿಮ್ಮಿಂದ ಆಗುತ್ತದಾ ಅಂತ ಓದಿಗೆ ಮುಂಚೆಯೇ ಕೇಳಿಕೊಳ್ಳಿ.

ಪಠ್ಯದಲ್ಲಿ ಇರುವುದೆಲ್ಲ ನಮ್ಮ ಮನೆಗೆ ಹೊಂದುವುದಿಲ್ಲ. ಸೈಕಾಲಜಿಯ ಬಹುಪಾಲು ಸಂಶೋಧನೆ ಪಶ್ಚಿಮದ ಓದಿದ, ಅನುಕೂಲಸ್ಥ ಜನರ ಮೇಲೆ ನಡೆದದ್ದು ಅಂತ ಹೆನ್ರಿಕ್, ಹೈನ್, ನೊರೆಂಜಯನ್ ಎಂಬ ಮೂವರು 2010ರಲ್ಲಿ ಬರೆದರು. ಈಗ ಪರಿಚಯದ ಕ್ಲಾಸಿನಲ್ಲೇ ಅದನ್ನು ಹೇಳುವ ಮೇಷ್ಟ್ರುಗಳಿದ್ದಾರೆ. ಮೂವತ್ತು ವರ್ಷದ ಮಗ ದಿನಾ ಅಮ್ಮನಿಗೆ ಫೋನ್ ಮಾಡುವುದು, ಸಂಬಳದಲ್ಲಿ ಮನೆಗೆ ಕಳಿಸುವುದು, ಅತ್ತೆ ಮಾವ ಆರು ತಿಂಗಳು ಬಂದಿರುವುದು, ಇವನ್ನು ಇಲ್ಲಿನ ಕಣ್ಣಿಂದ ಮಾತ್ರ ನೋಡಿದರೆ ರೋಗದ ಹಾಗೆ ಕಾಣಬಹುದು. ನಮ್ಮ ಕಡೆ ಬೇರೆ ಅನುಭವ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಟೆಂಟ್ ಹಾಕಿ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬದವರ ಜೊತೆಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. ಕ್ಲಾಸಿನಲ್ಲಿ ಇದನ್ನು ಕೈ ಎತ್ತಿ ಹೇಳಿ. ಮೇಷ್ಟ್ರು ಖುಷಿಪಡುತ್ತಾರೆ. ಹಾಗಂತ ಕುಟುಂಬದ ಹೆಸರಲ್ಲಿ ನಡೆಯುವ ಹಿಂಸೆಯನ್ನು ಸಂಸ್ಕೃತಿ ಅಂತ ಮುಚ್ಚಿಹಾಕುವವರ ಪಕ್ಷ ವಹಿಸಬೇಡಿ. ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣು ಕನ್ನಡ ಬಲ್ಲ ಕೌನ್ಸೆಲರಿಗೆ ಇರಬೇಕು. ಅಂಥವರು ಇಲ್ಲಿ ತುಂಬಾ ಕಡಿಮೆ. ಇಂಗ್ಲಿಷಿನಲ್ಲಿ ಅಳಲು ಬಾರದ ಹಿರಿಯರು ಎಷ್ಟು ಮನೆಗಳಲ್ಲಿ ಸುಮ್ಮನೆ ಕೂತಿದ್ದಾರೆ ಅಂತ ನಿಮಗೂ ಗೊತ್ತಲ್ಲ.

ಓದಿನ ಜೊತೆಗೆ ಒಂದು ಕಡೆ ಸ್ವಯಂಸೇವೆ ಮಾಡಿ. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ 1991ರಲ್ಲಿ ಶುರುವಾದ ಮೈತ್ರಿ, 1992ರ ನಾರಿಕಾ ಎರಡೂ ಸಂಸ್ಥೆಗಳು ಬೇ ಏರಿಯಾದಲ್ಲೇ ಇವೆ. ಮನೆಯೊಳಗಿನ ಹಿಂಸೆಗೆ ಒಳಗಾದವರ ಜೊತೆ ಮಾತಾಡುವವರಿಗೆ ಇಲ್ಲಿನ ಕಾನೂನಿನ ಪ್ರಕಾರ 40 ಗಂಟೆಯ ತರಬೇತಿ ಬೇಕು. ಯಾವ ಪಠ್ಯವೂ ಕಲಿಸದ್ದನ್ನು ಆ ತರಬೇತಿ ಕಲಿಸುತ್ತದೆ. ಈ ಕೆಲಸ ನಿಮಗೆ ಒಗ್ಗುತ್ತದಾ ಇಲ್ವಾ ಅನ್ನುವುದು ಅಲ್ಲೇ ತಿಳಿಯುತ್ತದೆ. ವರ್ಕ್ ಪರ್ಮಿಟ್ ಬಂದರೆ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವ ಆರ್‌ಬಿಟಿ ಹುದ್ದೆಗೂ 40 ಗಂಟೆಯ ತರಬೇತಿ, ಕೌಶಲದ ಪರಿಶೀಲನೆ ಮತ್ತು ಪರೀಕ್ಷೆ ಇರುತ್ತದೆ. ನಮ್ಮ ಕಡೆಯ ಎಷ್ಟೋ ತಾಯಂದಿರು ಅದನ್ನು ಮಾಡುತ್ತಾ ಓದುತ್ತಿದ್ದಾರೆ. ವಾರಾಂತ್ಯದ ಕೋರ್ಸ್ ಮಾಡಿ ಲೈಫ್ ಕೋಚ್ ಅಂತ ಶುರು ಮಾಡಿ ಎನ್ನುವವರೂ ಸಿಗುತ್ತಾರೆ. ದಯವಿಟ್ಟು ಬೇಡ. ಸಾಯುವ ಯೋಚನೆಯಲ್ಲಿರುವವರು ಒಂದು ದಿನ ನಿಮ್ಮ ಎದುರು ಬಂದು ಕೂತರೆ ಏನು ಮಾಡಬೇಕು ಅಂತ ಗೊತ್ತಿರಲೇಬೇಕು.

ಮುಂದೆ ಊರಿಗೆ ವಾಪಸ್ ಹೋಗುವ ಆಲೋಚನೆ ಇದ್ದರೆ ಅದನ್ನೂ ಗಮನದಲ್ಲಿ ಇಡಿ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ, ಅಂದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ನೋಂದಣಿ ಬೇಕು, ಇಲ್ಲಿನ ಲೈಸೆನ್ಸ್ ತಾನಾಗಿ ಅಲ್ಲಿ ನಡೆಯುವುದಿಲ್ಲ.

ಕೊನೆಗೆ ನಿಮ್ಮ ಇಂಗ್ಲಿಷ್. ಮಾತಿನ ಬಗ್ಗೆ ಚಿಂತೆ ಬೇಡ. ಕ್ಲಾಸಿನಲ್ಲಿ ವಿಯೆಟ್ನಾಂ, ಮೆಕ್ಸಿಕೊ, ಚೀನಾದವರು, ಐವತ್ತು ದಾಟಿದವರು, ಹದಿನೆಂಟರ ಹುಡುಗರು ಎಲ್ಲ ಇರುತ್ತಾರೆ. ಬರವಣಿಗೆಗೆ ಮಾತ್ರ ಸಿದ್ಧವಾಗಿ. ಬಾಯಿಪಾಠ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ವಾರವಾರ ನಿಮ್ಮದೇ ಮಾತಿನಲ್ಲಿ ಬರೆಯಬೇಕು. ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಪಕ್ಕದಲ್ಲೇ ಕೂತು ತಿದ್ದಿಕೊಡುತ್ತಾರೆ, ದುಡ್ಡಿಲ್ಲ. ಮೊದಲ ಸಲಕ್ಕೆ ಸೈಕಾಲಜಿ ಪರಿಚಯ ಒಂದೇ ಕ್ಲಾಸ್ ತೆಗೆದುಕೊಳ್ಳಿ, ಮಗು ಪ್ರೀಸ್ಕೂಲಿನಲ್ಲಿರುವ ಹೊತ್ತಿಗೆ ಹೊಂದುವಂಥದ್ದು. ಸ್ಟಾಟಿಸ್ಟಿಕ್ಸ್ ಆಮೇಲೆ ಇರಲಿ, ಬ್ಯಾಂಕಿನಲ್ಲಿ ಇದ್ದವರಿಗೆ ಅದು ಭಾರವಾಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಕ್ಲಾಸ್ ಆರಿಸಲು ನೆರವಾಗುವ ಕಾಲೇಜಿನ ಕೌನ್ಸೆಲರ್ ಜೊತೆ ಭೇಟಿ ಗೊತ್ತುಮಾಡಿಕೊಂಡು, ನಿಮ್ಮ ಬಿ.ಕಾಂ. ಮಾರ್ಕ್ಸ್ ಕಾರ್ಡುಗಳನ್ನು ಮರೆಯದೆ ಒಯ್ಯಿರಿ. ಯಾವ ಮಾಸ್ಟರ್ಸ್‌ಗೆ ಯಾವ ಕ್ಲಾಸ್ ಬೇಕು ಅಂತ ಆ ವಿಶ್ವವಿದ್ಯಾಲಯಗಳಿಗೇ ನೇರವಾಗಿ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.