ತಾಯ್ತನವನ್ನು ಬರೆಯುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಾಣಂತನದ ದಿನಗಳನ್ನು ಕುರಿತು ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರನ್ನು ಕೇಳಿಕೊಂಡಿದ್ದೆವು. ಲೇಖನಗಳಿಗಿಂತ ಮೊದಲು ಪ್ರಶ್ನೆಗಳು ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ ಇಪ್ಪತ್ತೆಂಟು ವರ್ಷ, ಮಗುವಿಗೆ ನಾಲ್ಕು ತಿಂಗಳು. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ರಾತ್ರಿ ಹಾಲು ಕುಡಿಸುತ್ತಾ ಮೊಬೈಲಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿಡುತ್ತೇನೆ. ಅದರಲ್ಲಿ ಸಂತೋಷಕ್ಕಿಂತ ದಣಿವು, ಸಿಟ್ಟು, ಒಮ್ಮೊಮ್ಮೆ ಮಗುವಿನ ಮೇಲೆಯೇ ಬೇಸರ ಇದೆ. ನಿಮಗೆ ಕಳುಹಿಸುತ್ತೇನೆಂದಾಗ ಅಮ್ಮ, ‘ಮನೆ ಮಾತು ಬೀದಿಗೆ ತರಬೇಡ, ಬೀಗರು ಓದಿದರೆ ಏನಂದುಕೊಂಡಾರು’ ಎಂದರು. ಬರೆಯುವುದು ತಪ್ಪೇ? (ಸಕಲೇಶಪುರ ತಾಲ್ಲೂಕು)

ಉತ್ತರ: ತಪ್ಪಲ್ಲ. ನಿಮ್ಮ ತಾಯಿಯ ಅಂಜಿಕೆಯನ್ನು ಹಗುರವಾಗಿ ಕಾಣಲೂ ಆಗದು. ಮಗಳನ್ನು ಮರಳಿ ಗಂಡನ ಮನೆಗೆ ಕಳುಹಿಸಬೇಕಾದವರು ಅವರು, ಬೀಗರ ಮಾತನ್ನು ಕೇಳಿಸಿಕೊಳ್ಳಬೇಕಾದವರೂ ಅವರೇ. ಆದರೆ ಅವರ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಸೇರಿಕೊಂಡಿವೆ. ಅತ್ತೆ ಯಾವ ದಿನ ಏನೆಂದರು, ಸೀಮಂತಕ್ಕೆ ನಾದಿನಿ ಎಂಥ ಸೀರೆ ತಂದರು ಎಂಬುದು ಮನೆ ಮಾತು. ಹೊಲಿಗೆ ಇನ್ನೂ ಮಾಯದಿರುವಾಗ ಹಂಡೆಯ ಬಿಸಿನೀರು ಮೈಮೇಲೆ ಬಿದ್ದಾಗ ಏನಾಯಿತು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಸಿಕೊಂಡು ಬಾಣಂತಿ ಕೋಣೆಯಲ್ಲಿ ಮಲಗಿದ್ದ ನಿಮಗೆ ನಾಮಕರಣಕ್ಕೆ ಬಂದವರ ನಗು ಕೇಳಿ ಅಳು ಏಕೆ ಬಂತು ಎಂಬುದು ನಿಮ್ಮ ಅನುಭವ. ಅದನ್ನು ಬರೆಯಲು ಯಾರ ಅನುಮತಿಯೂ ಬೇಕಿಲ್ಲ.

ಈ ಬಗೆಯ ಮಾತಿಗೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಆಸರೆಯಿದೆ. ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಅವರು ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಹೆರಿಗೆಯ ನಂತರ ಅನುಭವಿಸಿದ ಖಿನ್ನತೆಯನ್ನು ಮುಚ್ಚಿಟ್ಟವರಲ್ಲ. ಬರೆಯಬೇಕೆಂಬ ಆಸೆಯಿದ್ದ ಹೆಣ್ಣುಮಗಳೊಬ್ಬಳು ಮದುವೆಯಾದೊಡನೆ ಮನೆಗೆಲಸಕ್ಕಷ್ಟೇ ಮೀಸಲಾದ ಆ ಕಾಲವನ್ನು ಸಂದರ್ಶನಗಳಲ್ಲಿ ಅವರು ನೇರವಾಗಿ ಹೇಳಿಕೊಂಡಿದ್ದಾರೆ. ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಊರೆಲ್ಲ ಸಂಭ್ರಮಿಸಿತು. ಆ ಸಂಭ್ರಮದಲ್ಲಿ ಪಾಲ್ಗೊಂಡ ಎಷ್ಟೋ ಮನೆಗಳಲ್ಲಿ ಸೊಸೆಯೊಬ್ಬಳು ಇದೇ ಮಾತನ್ನು ಆಡಿದ್ದರೆ ಬಾಯಿ ಮುಚ್ಚಿಸುತ್ತಿದ್ದರು ಎಂಬುದೂ ನಿಜವೇ. ಇನ್ನೂ ಹಿಂದಕ್ಕೆ ಹೋದರೆ ತ್ರಿವೇಣಿ ಇದ್ದಾರೆ. ಬಾಣಂತನದ ಸಮಯದಲ್ಲಿ ಮನೋರೋಗಕ್ಕೆ ತುತ್ತಾಗಿ, ಗುಣವಾಗಿ ಮನೆಗೆ ಮರಳಿದ ಮೇಲೂ ಮನೆಯವರ ಅನುಮಾನದಿಂದ ಬಿಡುಗಡೆ ಕಾಣದ ಹೆಣ್ಣನ್ನು ಅವರು ‘ಶರಪಂಜರ’ದಲ್ಲಿ ಚಿತ್ರಿಸಿದರು. ಆ ತ್ರಿವೇಣಿಯವರೇ 1963ರಲ್ಲಿ, ಹೆಣ್ಣು ಮಗುವಿಗೆ ಜನ್ಮ ನೀಡಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ನಿಜನಾಮ ಅನಸೂಯಾ. ಬೀಗರ ಚಿಂತೆ ನಿಮ್ಮನ್ನೂ ಕಾಡುತ್ತಿದ್ದರೆ ಕಾವ್ಯನಾಮವೊಂದನ್ನು ಇಟ್ಟುಕೊಳ್ಳಿ. ಕನ್ನಡದ ಲೇಖಕಿಯರಿಗೆ ಅದು ಹೊಸದೇನಲ್ಲ.

ಇನ್ನೊಂದು ವಿಷಯವನ್ನು ಬರವಣಿಗೆಯಿಂದ ಬೇರೆಯಾಗಿಯೇ ಹೇಳಬೇಕಾಗಿದೆ. ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಕ್ಷಣಕ್ಕೊಂದು ರೀತಿ ಆಗುವುದು ಬಹಳ ಮಂದಿ ತಾಯಂದಿರಿಗೆ ಇದ್ದದ್ದೇ, ಅದು ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದನ್ನು ಖಿನ್ನತೆಯೆಂದು ಶಂಕಿಸಿ ವೈದ್ಯರಿಗೆ ತೋರಿಸಬೇಕು. ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ 100 ತಾಯಂದಿರಲ್ಲಿ ಸುಮಾರು 20 ಮಂದಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಇದರಲ್ಲಿ ನಾಚಿಕೆಗೆ ಎಡೆಯಿಲ್ಲ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ ಇದಕ್ಕಿಂತ ತೀರಾ ವಿರಳ, ಸಾವಿರ ಹೆರಿಗೆಗೆ ಒಂದೋ ಎರಡೋ. ಆದರೆ ಇಲ್ಲದ ದನಿ ಕೇಳಿಸುವುದು, ಮಗುವಿಗೆ ಯಾರೋ ಕೇಡು ಮಾಡುತ್ತಾರೆಂಬ ಅನುಮಾನ ಬಲವಾಗುವುದು ಕಂಡುಬಂದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಹಗಲು ರಾತ್ರಿ ಎನ್ನದೆ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಬರೆದರೆ ಮನಸ್ಸು ಹಗುರವಾಗುವುದುಂಟು. ಆದರೆ ಬರವಣಿಗೆಯೇ ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗುವಿನ ಮೇಲಿನ ಬೇಸರ ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೆಂದು ನಿಮ್ಮದೇ ಬರಹ ತೋರಿಸಿದರೆ, ಅದನ್ನು ಮೊದಲು ಓದಬೇಕಾದವರು ವೈದ್ಯರು. ಪತ್ರಿಕೆಯ ಸರದಿ ಆಮೇಲೆ ಬರಲಿ.

ಕಳುಹಿಸುವ ಮುನ್ನ ಒಮ್ಮೆ ಹಗಲು ಹೊತ್ತಿನಲ್ಲಿ ಓದಿ ನೋಡಿ. ರಾತ್ರಿಯ ಸಿಟ್ಟಿನಲ್ಲಿ ಇನ್ನೊಬ್ಬರ ಮೇಲೆ ಬರೆದ ವಾಕ್ಯಗಳಲ್ಲಿ ಹೆಚ್ಚಿನವು ಹಗಲಿಗೆ ನಿಲ್ಲುವುದಿಲ್ಲ. ನಿಮ್ಮ ಬಗ್ಗೆಯೇ ಬರೆದುಕೊಂಡವು ನಿಲ್ಲುತ್ತವೆ.

ಪ್ರಶ್ನೆ: ಮಗುವನ್ನು ಎತ್ತಿಕೊಂಡೇ ಇರಬೇಕು, ಬರೆಯಲು ಕೈ ಬಿಡುವಿಲ್ಲ. ಏನು ಮಾಡಲಿ? (ಬೇಲೂರು)

ಉತ್ತರ: ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲೇ ಮಾತನಾಡಿದರೆ ಅಕ್ಷರಗಳು ಮೂಡುತ್ತವೆ. ತಪ್ಪುಗಳು ಇರುತ್ತವೆ, ತಿದ್ದಿಕೊಳ್ಳುವ ಕೆಲಸ ನಮಗಿರಲಿ. ಅದೂ ಆಗದಿದ್ದರೆ ಧ್ವನಿಯನ್ನೇ ಮುದ್ರಿಸಿ ಕಳುಹಿಸಿ. ಹಿನ್ನೆಲೆಯಲ್ಲಿ ಮಗು ಅತ್ತರೆ ಅತ್ತುಕೊಳ್ಳಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ತಾಯಿ ಒಂಬತ್ತು ಮಕ್ಕಳನ್ನು ಹೆತ್ತರು, ಹೊಲಗದ್ದೆಯನ್ನೂ ನೋಡಿಕೊಂಡರು, ಒಂದು ದಿನವೂ ಗೊಣಗಲಿಲ್ಲ. ಇಂದಿನ ಹೆಣ್ಣುಮಕ್ಕಳು ಒಂದು ಹೆತ್ತು ಪುಟಗಟ್ಟಲೆ ಬರೆಯುತ್ತಾರೆ. ಇದು ಅತಿಯಾಯಿತೆಂದು ನಿಮಗೆ ಅನ್ನಿಸುವುದಿಲ್ಲವೇ? (ಕಡೂರು)

ಉತ್ತರ: ಮೇಷ್ಟ್ರೇ, ಅವರು ಗೊಣಗಲಿಲ್ಲವೋ, ಗೊಣಗಿದ್ದು ನಿಮ್ಮ ಕಿವಿಯವರೆಗೆ ಬರಲಿಲ್ಲವೋ? ಗಂಡುಮಕ್ಕಳು ಏಳುವ ಮುನ್ನ, ನಸುಕಿನಲ್ಲಿ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡಿಕೊಂಡದ್ದರಲ್ಲಿ ತಾಯ್ತನದ ಅನುಭವವೂ ಇತ್ತು. ಬಂಜೆ ಎನಿಸಿಕೊಂಡವಳ ಅಳಲು, ಬಸುರಿಯ ಬಯಕೆ, ತೊಟ್ಟಿಲಲ್ಲೇ ಕಳೆದುಕೊಂಡ ಕೂಸಿನ ನೆನಪು, ತವರಿಗೆ ಕರೆಯಲು ಬಾರದ ಅಣ್ಣನ ಮೇಲಿನ ಮುನಿಸು, ಇವೆಲ್ಲ ಮೂರು ಸಾಲಿನ ಪದಗಳಾಗಿ ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ದಾಟಿದವು. ನಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಕೆಲವಾದರೂ ಪುಸ್ತಕದಲ್ಲಿ ಉಳಿದವು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಆ ಹಾಡುಗಳಿಗೆ ಇದ್ದ ಜಾಗವೂ ಹೋಯಿತು; ಇಂದಿನವರು ಆ ಜಾಗವನ್ನು ಕಾಗದದ ಮೇಲೆ ಹುಡುಕುತ್ತಿದ್ದಾರೆ. ಹಿಂದಿನವರು ಬರೆಯಲಿಲ್ಲ ಎಂಬುದಕ್ಕೆ ಸಹನೆಯೊಂದೇ ಕಾರಣವಲ್ಲ. 1951ರ ಜನಗಣತಿಯ ವೇಳೆಗೆ ದೇಶದಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ 9ರಷ್ಟೂ ಇರಲಿಲ್ಲ.

ಇನ್ನೊಂದು ಲೆಕ್ಕವನ್ನೂ ತಾವು ನೋಡಬೇಕು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಪ್ರಾಣ ಕಳೆದುಕೊಳ್ಳುತ್ತಿದ್ದ ತಾಯಂದಿರ ಸಂಖ್ಯೆ 2001–03ರಲ್ಲಿ 228 ಇತ್ತು, 2018–20ರಲ್ಲಿ 69ಕ್ಕೆ ಇಳಿಯಿತು. ತಮ್ಮ ತಾಯಿಯ ಕಾಲದಲ್ಲಿ ಇದು ಇನ್ನೂ ಎಷ್ಟೋ ಪಾಲು ಹೆಚ್ಚಿತ್ತು. ಒಂಬತ್ತು ಹೆತ್ತು ಬದುಕಿ ಉಳಿದವರ ಮಾತನ್ನು ಮಕ್ಕಳು ಹೇಳುತ್ತಾರೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ತೀರಿಕೊಂಡವರ ಪರವಾಗಿ ಹೇಳುವವರು ಯಾರು? ಅಂಥವರ ಮಕ್ಕಳು ತಮ್ಮ ಊರಿನಲ್ಲೂ ಚಿಕ್ಕಮ್ಮಂದಿರ ಕೈಯಲ್ಲಿ ಬೆಳೆದಿರುತ್ತಾರೆ, ಕೇಳಿ ನೋಡಿ. ಕೇಳಿದ್ದನ್ನು ಬರೆದು ಕಳುಹಿಸಿದರೆ ಖಂಡಿತ ಪ್ರಕಟಿಸುತ್ತೇವೆ, ಇದು ವ್ಯಂಗ್ಯವಲ್ಲ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ತಮ್ಮ ಹೆರಿಗೆಯ, ಮಕ್ಕಳ ಕಥೆಗಳನ್ನು ನನ್ನ ಬಳಿ ಹೇಳಿಕೊಳ್ಳುತ್ತಾರೆ. ಅವರಿಗೆ ಬರೆಯಲು ಬರುವುದಿಲ್ಲ. ನಾನು ಬರೆದರೆ ಆಗುತ್ತದೆಯೇ, ಯಾರ ಹೆಸರು ಹಾಕಬೇಕು? (ಮೂಡಿಗೆರೆ ತಾಲ್ಲೂಕು)

ಉತ್ತರ: ಆಗುತ್ತದೆ, ಆದರೆ ಅವರು ನಿಮಗೆ ಯಾವ ನೆಲೆಯಲ್ಲಿ ಹೇಳಿದರು ಎಂಬುದನ್ನು ಮೊದಲು ಯೋಚಿಸಿ. ತಾಯಿ ಕಾರ್ಡ್ ತುಂಬಿಸುವಾಗ, ತೂಕ ನೋಡುವಾಗ ನಿಮಗೆ ತಿಳಿದದ್ದು ಕೆಲಸದ ಮಾಹಿತಿ. ಎಷ್ಟನೆಯ ಬಸಿರು, ಯಾವುದು ನಿಲ್ಲಲಿಲ್ಲ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅದರಲ್ಲಿ ಒಂದಕ್ಷರವನ್ನೂ ಲೇಖನಕ್ಕೆ ತರಬೇಡಿ. ಕೆಲಸ ಮುಗಿದ ಮೇಲೆ ಕುಳಿತು, ‘ಇದನ್ನು ಬರೆಯಲೇ’ ಎಂದು ಕೇಳಿ, ಹೂಂ ಎಂದವರಿಂದ ಮತ್ತೆ ಕೇಳಿಸಿಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ‘ಅದೊಂದು ಬೇಡ ಮೇಡಂ’ ಎಂದರೆ ಕಾರಣ ಕೇಳದೆ ತೆಗೆದುಬಿಡಿ. ‘ಹೇಳಿದವರು’, ‘ಬರೆದುಕೊಂಡವರು’ ಎಂದು ಎರಡೂ ಹೆಸರು ಹಾಕುವುದು ನಮ್ಮ ಪದ್ಧತಿ; ಗುರುತಾಗಬಾರದೆಂದು ಅವರು ಬಯಸಿದರೆ ಅವರ ಹೆಸರಿನೊಂದಿಗೆ ತೋಟದ ಹೆಸರನ್ನೂ ಬಿಡಬೇಕು, ಏಕೆಂದರೆ ಒಂದು ಲೈನಿನಲ್ಲಿ ಯಾರಿಗೆ ಅವಳಿ ಹುಟ್ಟಿತೆಂದು ತೋಟದ ಲೆಕ್ಕ ಬರೆಯುವ ರೈಟರಿಂದ ಹಿಡಿದು ಎಲ್ಲರಿಗೂ ಗೊತ್ತಿರುತ್ತದೆ. ಬಂದ ಸಂಭಾವನೆಯನ್ನು ಹೇಳಿದವರೊಂದಿಗೆ ಹಂಚಿಕೊಳ್ಳಿ.

ಇಂಥ ಬರಹಕ್ಕಾಗಿ ನಾವು ನಿಜವಾಗಿ ಕಾಯುತ್ತಿದ್ದೇವೆ. ತಾಯ್ತನದ ಬಗ್ಗೆ ಅಚ್ಚಾಗುವುದರಲ್ಲಿ ಬಹುಪಾಲು ಓದು ಕಲಿತು, ಮಗು ಮಲಗಿದಾಗ ಸ್ವಲ್ಪವಾದರೂ ಬಿಡುವು ಸಿಗುವ ಮನೆಗಳಿಂದ ಬರುತ್ತದೆ. ಸಿಲ್ವರ್ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಹಣ್ಣು ಕುಯ್ಯುತ್ತಾ ಅಳುವಿನ ಕಡೆಗೊಂದು ಕಿವಿ ಇಟ್ಟಿರುವ ತಾಯಿಯ ದಿನ ಅದರಲ್ಲಿ ಇರುವುದಿಲ್ಲ. ಐವತ್ತು ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಸಣ್ಣ ತೋಟಗಳಿಗೆ ಆ ನಿಯಮ ತಾಗಲೇ ಇಲ್ಲ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂದಾಗ, ಬಯಲುಸೀಮೆಯ ಊರೊಳಗಿನ ಕೇಂದ್ರಕ್ಕೆ ನಡೆಯುವುದಕ್ಕೂ, ಮಲೆನಾಡಿನಲ್ಲಿ ಮಳೆಗಾಲದ ಏರು ಹತ್ತಿ ಊಟಕ್ಕೆ ಬಂದು ಮರಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಆ ದಾರಿಯನ್ನು ತುಂಬು ಬಸುರಿಯೊಬ್ಬರ ಬಾಯಿಂದಲೇ ಹೇಳಿಸಿ. ‘ಪಾಪ, ಬಡವರು’ ಎಂಬ ಧಾಟಿ ಮಾತ್ರ ಬೇಡ. ಅವರು ನಗೆಯಾಡಿದ್ದನ್ನೂ, ಮೇಸ್ತ್ರಿಯನ್ನು ಬೈದದ್ದನ್ನೂ ಬಿಡದೆ ಬರೆಯಿರಿ.

ಪ್ರಶ್ನೆ: ಪ್ರಕಟವಾದ ಲೇಖನದ ಹಕ್ಕು ಯಾರದು? ಮುಂದೆ ಪುಸ್ತಕ ಮಾಡಬಹುದೇ? (ಹಾಸನ)

ಉತ್ತರ: ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿ ಮತ್ತು ಅನಂತರದ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ, ಅದನ್ನು ಕೊಟ್ಟವರು ನಾವೇ ಆಗಿದ್ದರೂ.

ಪ್ರಶ್ನೆ: ನಾನು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಅಮ್ಮ ಪತ್ರಿಕೆಯೊಂದಕ್ಕೆ ಬರೆಯುತ್ತಾರೆ. ನಾನು ದೊಡ್ಡವಳಾದ ದಿನದ ಬಗ್ಗೆ, ಗಣಿತದಲ್ಲಿ ಕಡಿಮೆ ಅಂಕ ಬಂದಾಗ ನಾನು ಅತ್ತದ್ದರ ಬಗ್ಗೆ ಬರೆದರು. ಯಾರೋ ಅದನ್ನು ತರಗತಿಗೆ ತಂದು ಜೋರಾಗಿ ಓದಿದರು. ಅಮ್ಮನಿಗೆ ಹೇಳಿದರೆ ‘ಪ್ರೀತಿಯಿಂದ ಬರೆದದ್ದಲ್ಲವೇ’ ಎನ್ನುತ್ತಾರೆ. (ಚನ್ನರಾಯಪಟ್ಟಣ)

ಉತ್ತರ: ಪ್ರೀತಿಯಿಂದಲೇ ಬರೆದಿರಬಹುದು. ಆದರೂ ನಿನ್ನ ಸಿಟ್ಟು ನ್ಯಾಯವಾದದ್ದು. ಬರೆಯುವ ತಾಯಂದಿರು ಈ ಪತ್ರವನ್ನು ಎರಡು ಸಲ ಓದಲಿ ಎಂದು ನಮ್ಮ ಆಸೆ. ಮಗು ತೊಟ್ಟಿಲಲ್ಲಿರುವಾಗ ಅದರ ಹಸಿವು, ನಿದ್ದೆ, ಅಳು ಎಲ್ಲವೂ ತಾಯಿಯ ದಿನಚರಿಯೊಳಗೇ ಬರುವುದರಿಂದ ಇಬ್ಬರ ಅನುಭವವನ್ನು ಬೇರ್ಪಡಿಸುವುದು ಕಷ್ಟ, ಬೇರ್ಪಡಿಸಬೇಕಾದ ಅಗತ್ಯವೂ ಅಷ್ಟಿಲ್ಲ. ಶಾಲೆಗೆ ಹೋಗತೊಡಗಿದ ಮೇಲೆ ಮಗುವಿಗೆ ತನ್ನದೇ ಒಂದು ಬದುಕು, ತನ್ನದೇ ಗೆಳತಿಯರು, ತನ್ನದೇ ಮಾನ ಇರುತ್ತದೆ. ಮಗಳು ದೊಡ್ಡವಳಾದ ದಿನ ತಾಯಿಗೆ ತನ್ನ ಅಂದಿನ ಭಯ ನೆನಪಾಗಿದ್ದರೆ ಆ ಭಯ ಅವರದು, ಬೇಕಾದಷ್ಟು ಬರೆಯಲಿ. ಮಗಳ ಮೈಗೆ ಆದದ್ದು ಮಗಳದು. ಅಂಕಪಟ್ಟಿಯೂ ಅಷ್ಟೇ. ಇದು ನಮ್ಮೊಬ್ಬರ ಅಭಿಪ್ರಾಯವಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಮಕ್ಕಳಿಗೂ ಖಾಸಗಿತನದ ಹಕ್ಕಿದೆಯೆಂದೇ ಹೇಳುತ್ತದೆ.

ಅಮ್ಮನ ಮುಂದೆ ಜಗಳಕ್ಕೆ ನಿಲ್ಲಬೇಡ. ಬರೆಯುವವರು ಬರಹವನ್ನು ಓದಿಯೇ ಓದುತ್ತಾರೆ, ಆದ್ದರಿಂದ ಒಂದು ಪತ್ರ ಬರೆದು ಅವರ ಕೈಗೆ ಕೊಡು. ತರಗತಿಯಲ್ಲಿ ಅಂದು ಏನಾಯಿತು, ಯಾವ ಸಾಲಿಗೆ ಎಲ್ಲರೂ ನಕ್ಕರು ಎಂಬುದನ್ನು ಇದ್ದದ್ದು ಇದ್ದಂತೆ ಬರೆ. ಇನ್ನು ಮುಂದೆ ನನ್ನ ವಿಷಯ ಬಂದರೆ ಕಳುಹಿಸುವ ಮೊದಲು ತೋರಿಸಿ, ಬೇಡ ಎಂದದ್ದನ್ನು ತೆಗೆಯಿರಿ ಎಂದು ಕೇಳು. ಅವರು ಬರೆಯುವುದನ್ನೇ ನಿಲ್ಲಿಸಲಿ ಎಂದು ಮಾತ್ರ ಕೇಳಬೇಡ. ನಿನಗೆ ಬೇಕಾದದ್ದೂ ಅದಲ್ಲ ಎಂದು ನಿನ್ನ ಪತ್ರದಿಂದ ಕಾಣುತ್ತದೆ. ನಮ್ಮ ಮಟ್ಟಿಗೆ, ಹತ್ತು ವರ್ಷ ದಾಟಿದ ಮಕ್ಕಳ ಪ್ರಸ್ತಾಪವಿರುವ ಲೇಖನಗಳಿಗೆ ಮುಂದಿನ ಸಂಚಿಕೆಯಿಂದ ಆ ಮಗುವಿನ ಒಪ್ಪಿಗೆಯ ಸಾಲನ್ನೂ ಕೇಳಲಿದ್ದೇವೆ. ಆ ಸಾಲನ್ನು ಮಗುವೇ ತನ್ನ ಕೈಬರಹದಲ್ಲಿ ಬರೆದಿರಬೇಕು. ಮಗು ಬರೆಯಲು ಒಪ್ಪದಿದ್ದರೆ ಲೇಖಕಿಗೆ ಲೇಖನವನ್ನು ಹಿಂದಿರುಗಿಸುತ್ತೇವೆ.