ಕಳೆದುಹೋದದ್ದಲ್ಲ, ಕಿತ್ತುಕೊಂಡದ್ದು

ದಾವಣಗೆರೆಯ ಓದುಗರಿಗೆ ನಮಸ್ಕಾರ. ಎರಡು ತಿಂಗಳ ಹಿಂದೆ ಮುಂಜಾನೆ ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದ ನಿಮ್ಮ ತಾಯಿಯವರಿಗೆ ಬೈಕಿನಲ್ಲಿ ಬಂದ ಇಬ್ಬರು ವಿಳಾಸ ಕೇಳಿ, ಅವರು ತಲೆಯೆತ್ತುವಷ್ಟರಲ್ಲಿ ಕರಿಮಣಿ ಸರವನ್ನು ಕಿತ್ತುಕೊಂಡು ಹೋದರೆಂದು ಬರೆದಿದ್ದೀರಿ. ಅಷ್ಟು ಬಂಗಾರ ಹಾಕಿಕೊಂಡು ಹೊರಗೆ ಬಂದದ್ದೇ ತಪ್ಪೆಂದು ಬಂಧುಗಳು ಹೇಳಿದ್ದರಿಂದ ತಾಯಿಯವರು ಬಾಗಿಲು ದಾಟುವುದನ್ನೇ ಬಿಟ್ಟಿದ್ದಾರೆ, ದೂರನ್ನೂ ಕೊಟ್ಟಿಲ್ಲ, ಇನ್ನು ಮುಂದೆ ಒಡವೆ ಹಾಕುವುದನ್ನೇ ಬಿಡಿಸಬೇಕೇ ಎಂದು ಕೇಳಿದ್ದೀರಿ.

ಬಂಧುಗಳ ಮಾತನ್ನು ನಾನು ಒಪ್ಪುವುದಿಲ್ಲ. ತನ್ನ ಮನೆಯ ಅಂಗಳದಲ್ಲಿ ನಿಂತವರದು ತಪ್ಪಲ್ಲ. ಒಡವೆ ಹಾಕುವುದು ಬಿಡುವುದು ತಾಯಿಯವರೇ ನಿರ್ಧರಿಸಬೇಕಾದ ವಿಷಯ; ನಾವು ಬದಲಿಸಬೇಕಾದದ್ದು ಸರಗಳ್ಳರಿಗೆ ಅನುಕೂಲವಾಗುವ ಆ ಕೆಲವು ಕ್ಷಣಗಳನ್ನು. ಬಗ್ಗಿ ಕೂತ ಭಂಗಿ, ನಿರ್ಜನ ಬೀದಿ ಮತ್ತು ಕೇಳಿದವರಿಗೆ ಉತ್ತರಿಸಬೇಕೆಂಬ ನಮ್ಮ ಸೌಜನ್ಯ, ಈ ಮೂರನ್ನೂ ಅವರು ಬಲ್ಲರು. ಆದ್ದರಿಂದ ಸೆರಗನ್ನು ಕುತ್ತಿಗೆಯ ಸುತ್ತ ಹೊದ್ದುಕೊಳ್ಳುವುದು, ಬೀದಿಗೆ ಮುಖಮಾಡಿ ಕೂರುವುದು, ವಾಹನ ನಿಲ್ಲಿಸಿ ಮಾತನಾಡಿಸಿದವರಿಗೆ ಎದ್ದು ನಿಂತು, ಗೇಟಿನ ಒಳಗಿನಿಂದಲೇ ಉತ್ತರಿಸುವುದು ಒಳ್ಳೆಯದು. ಪೊಲೀಸರೆಂದು ಹೇಳಿಕೊಂಡು, ಮುಂದೆ ಕಳ್ಳತನವಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ ಎನ್ನುವವರನ್ನಂತೂ ನಂಬಲೇಬಾರದು; ನಿಜವಾದ ಪೊಲೀಸರು ಬೀದಿಯಲ್ಲಿ ಹಾಗೆ ಬಿಚ್ಚಿಸುವುದಿಲ್ಲ. ಸರಕ್ಕೆ ಕೈ ಬಿದ್ದಮೇಲೆ ಮಾತ್ರ ಹಿಡಿದು ಜಗ್ಗಾಡಬಾರದು: ಓಡುವ ಬೈಕಿನ ಜೊತೆಗೆ ಎಳೆದುಕೊಂಡು ಹೋಗಿ ಬಿದ್ದವರಿಗೆ ತಲೆಗೂ ಕುತ್ತಿಗೆಗೂ ಆಗುವ ಪೆಟ್ಟು ಬಂಗಾರಕ್ಕಿಂತ ದೊಡ್ಡ ನಷ್ಟ. ಕೂಗಿಕೊಂಡು ಜನರನ್ನು ಸೇರಿಸಿ, ಕೂಡಲೇ 112ಕ್ಕೆ ಕರೆ ಮಾಡಿ, ಬೈಕಿನ ಬಣ್ಣ ಮತ್ತು ಹೋದ ದಿಕ್ಕನ್ನು ಹೇಳಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ದೂರು ಕೊಡದಿರುವುದು. ದಯವಿಟ್ಟು ಈಗಲಾದರೂ ಠಾಣೆಗೆ ಹೋಗಿ, ತಡವಾದ ಕಾರಣವನ್ನು ದೂರಿನಲ್ಲಿಯೇ ಬರೆಯಿರಿ. ಸರ ಕಳೆದುಹೋಯಿತು ಎಂದು ಬರೆಸದೆ, ಕಿತ್ತುಕೊಂಡು ಹೋದರು ಎಂದೇ ಬರೆಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಹಠಾತ್ತನೆ ಕಿತ್ತುಕೊಳ್ಳುವುದನ್ನು ಪ್ರತ್ಯೇಕ ಅಪರಾಧವೆಂದು ಗುರುತಿಸಿ ಮೂರು ವರ್ಷದವರೆಗಿನ ಸೆರೆವಾಸ ವಿಧಿಸುತ್ತದೆ. ಕಳವಿಗಾಗಿ ಬೇಕೆಂದೇ ಗಾಯಪಡಿಸಿದ್ದರೆ ಅದು 309ನೇ ಕಲಮಿನಡಿ ದರೋಡೆಯಾಗಿ, ಶಿಕ್ಷೆ ಜೀವಾವಧಿ ಸೆರೆವಾಸದವರೆಗೂ ಹೋಗಬಹುದು. ತಾಯಿಯವರ ಕುತ್ತಿಗೆಗೆ ಆಗ ಗಾಯವಾಗಿದ್ದು, ವೈದ್ಯರಿಗೆ ತೋರಿಸಿದ್ದರೆ ಆ ಚೀಟಿಯನ್ನು ತಪ್ಪದೆ ಕೊಡಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳುಹಿಸಬಹುದು.

ಇಷ್ಟು ದಿನಗಳ ಮೇಲೆ ಬೀದಿಯ ಸಿಸಿಟಿವಿ ದೃಶ್ಯ ಉಳಿದಿರುವುದು ಕಷ್ಟ. ಆದರೂ ಕಳ್ಳರು ಬೇರೆ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ವಶಪಡಿಸಿಕೊಂಡ ಒಡವೆಗಳಲ್ಲಿ ನಿಮ್ಮದನ್ನು ಗುರುತಿಸಿ, ನ್ಯಾಯಾಲಯದ ಮೂಲಕ ಬಿಡಿಸಿಕೊಳ್ಳಲು ದೂರು ಇರಲೇಬೇಕು. ಅದರ ಜೊತೆಗೆ ಖರೀದಿಯ ರಸೀದಿ, ಮದುವೆಯ ಫೋಟೊದಲ್ಲಿ ತಾಳಿ ಕಾಣುವ ಚಿತ್ರ, ಹೊಸ ಒಡವೆಯಾಗಿದ್ದರೆ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಗುರುತು, ಇವನ್ನೂ ಒದಗಿಸಿ. ಮನೆಯಲ್ಲಿ ಉಳಿದಿರುವ ಒಡವೆಗಳಿಗೂ ಇಂದೇ ಹೀಗೆ ಚಿತ್ರ ತೆಗೆದು ಇಟ್ಟುಕೊಳ್ಳಿ.

ಠಾಣೆಗೆ ತಾಯಿಯವರನ್ನು ನೀವೇ ಕರೆದುಕೊಂಡು ಹೋಗಿ. ಅವರು ಮತ್ತೆ ರಂಗೋಲಿ ಡಬ್ಬಿ ಹಿಡಿದು ಹೊರಬರುವ ಮೊದಲ ಕೆಲವು ದಿನ, ಬೆಳಗ್ಗೆ ಸ್ವಲ್ಪ ಬೇಗ ಎದ್ದು, ಅವರ ಜೊತೆ ಅಂಗಳದಲ್ಲಿ ನಿಂತಿರಿ.

— ಸಂಪಾದಕ