1974ರ ಪದ್ಮಿನಿಗೆ ಜಿಪ್ಸಿ ಎಂಜಿನ್ ಹಾಕಿಸಬಹುದಾ? ಆರ್‌ಟಿಒ ಒಪ್ಪಿಗೆ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮ್ಮ ತಂದೆಯವರ 1974ರ ಪ್ರೀಮಿಯರ್ ಪದ್ಮಿನಿ ಇದೆ, ಎಂಜಿನ್ ಜಾಮ್ ಆಗಿದೆ. ಮಾರುತಿ ಜಿಪ್ಸಿಯ 1.3 ಎಂಜಿನ್ ಕೂರಿಸಿಕೊಡ್ತೀನಿ ಅಂತ ಮೆಕ್ಯಾನಿಕ್ ಹೇಳಿದ್ದಾರೆ. "ಆಮೇಲೆ ಆರ್‌ಸಿಯಲ್ಲಿ ಸೇರಿಸಿಕೊಂಡರಾಯ್ತು" ಅಂತಲೂ ಅಂದಿದ್ದಾರೆ. ಆ "ಆಮೇಲೆ" ಅನ್ನೋ ಮಾತನ್ನು ಮಾತ್ರ ನಂಬಬೇಡಿ. ನಾನು ನಂಬಿ ಕೆಟ್ಟವನು.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಕಂಪನಿ ಮೂಲತಃ ಹೇಳಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡಬಾರದು ಅನ್ನುತ್ತದೆ ಅದು. ಆರ್‌ಸಿಯಲ್ಲಿ ಏನೇನಿದೆ ಅಂತ ಒಮ್ಮೆ ತೆಗೆದು ನೋಡಿ. ಎಂಜಿನ್ ನಂಬರ್, ಸಿಲಿಂಡರ್ ಎಷ್ಟು, ಸಿಸಿ ಎಷ್ಟು, ಇಂಧನ ಯಾವುದು, ಎಲ್ಲ ಅಲ್ಲಿದೆ. ಪದ್ಮಿನಿಯದು 1089 ಸಿಸಿ, ಜಿಪ್ಸಿಯ ಎಂಜಿನ್ 1298 ಸಿಸಿ. ಎರಡೂ ಪೆಟ್ರೋಲ್, ಎರಡಕ್ಕೂ ನಾಲ್ಕೇ ಸಿಲಿಂಡರ್, ಆದ್ರೂ ವಿವರ ಬದಲಾಗಿಹೋಯಿತು.

ಇಲ್ಲೇ ಒಂದು ಗೆರೆ ಎಳೆದುಕೊಳ್ಳಿ. ಪದ್ಮಿನಿಗೆ ಇನ್ನೊಂದು ಪದ್ಮಿನಿ ಎಂಜಿನ್ ಹಾಕಿದರೆ ಬದಲಾಗುವುದು ಎಂಜಿನ್ ನಂಬರ್ ಒಂದೇ. ಅದು ಕಾಗದದ ಕೆಲಸ: ಅರ್ಜಿ, ಬಿಲ್ಲು, ಬ್ರೇಕ್ ಇನ್ಸ್‌ಪೆಕ್ಟರ್ ತಪಾಸಣೆ, ಆರ್‌ಸಿಯಲ್ಲಿ ಹೊಸ ನಂಬರ್. ಎಂಜಿನ್ ಬದಲಿಸಿದ್ದನ್ನು 14 ದಿನದೊಳಗೆ ನಿಮ್ಮ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಬೇರೆ ಮಾದರಿಯ ಎಂಜಿನ್ ಹಾಕಿದರೆ ಕಥೆಯೇ ಬೇರೆ. ಅಲ್ಲಿ ತಿಳಿಸಿದರೆ ಸಾಲದು, ಅವರು ಒಪ್ಪಬೇಕು. ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅದಕ್ಕೆ ಕಾರಣವಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶವಿಲ್ಲ ಅಂತ ಖಡಕ್ಕಾಗಿ ಹೇಳಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಿಸುವ ಅನುಮೋದಿತ ಕಿಟ್‌ಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಅಂಗವಿಕಲರು ಓಡಿಸಲು ಅನುಕೂಲವಾಗುವಂತೆ ಮಾಡುವ ಬದಲಾವಣೆಗೂ ಇದೆ. "ಹಳೇ ಎಂಜಿನ್ ಕೆಟ್ಟಿತ್ತು, ಚೆನ್ನಾಗಿರೋದು ಹಾಕಿಸಿದೆ" ಅನ್ನುವುದಕ್ಕೆ ಇಲ್ಲ. ಜರ್ಮನಿಯಲ್ಲಿ ಮಾರ್ಪಾಡು ಮಾಡಿದ ಒಂದೇ ಒಂದು ಗಾಡಿಯನ್ನು ತಂದರೂ ತಜ್ಞರು ಪರೀಕ್ಷಿಸಿ ಸಹಿ ಹಾಕುವ ಪದ್ಧತಿ ಇದೆ. ಯೂಟ್ಯೂಬ್ ನೋಡಿ ನಮ್ಮಲ್ಲೂ ಹಾಗೇ ಅಂದುಕೊಳ್ಳುವವರು ಜಾಸ್ತಿ. ನಮ್ಮಲ್ಲಿ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪರೀಕ್ಷೆ ಇರುವುದು ಮುಖ್ಯವಾಗಿ ಗಾಡಿ, ಕಿಟ್ ತಯಾರಿಸುವ ಕಂಪನಿಗಳಿಗೆ. ಮನೆಯ ಒಂದು ಪದ್ಮಿನಿಗಾಗಿ ಆ ದಾರಿ ಹಿಡಿಯುವುದು ಆಗುವ ಮಾತಲ್ಲ.

ಈಗ ನನ್ನ ಕಥೆ. ನಂದು ಅಂಬಾಸಡರ್ ಮಾರ್ಕ್ 4. ಆರ್‌ಸಿಯಲ್ಲಿ 1489 ಸಿಸಿ ಅಂತಿತ್ತು, ಬಾನೆಟ್ ಕೆಳಗೆ ಕೂತಿದ್ದು 1.8 ಇಸುಜು. ಮಾರಿದವರು "ಬಾನೆಟ್ ಎತ್ತಿ ಯಾರು ನೋಡ್ತಾರೆ ಸಾರ್" ಅಂದಿದ್ದರು. ನಾಲ್ಕು ವರ್ಷ ಯಾರೂ ನೋಡಲಿಲ್ಲ, ನಿಜ. ರಿಜಿಸ್ಟ್ರೇಷನ್ ನವೀಕರಣಕ್ಕೆ ಒಯ್ದ ದಿನ ಇನ್ಸ್‌ಪೆಕ್ಟರ್ ಬಾನೆಟ್ ಎತ್ತುವ ಮೊದಲೇ ನಕ್ಕರು. ಮಾರ್ಕ್ 4ರ ಗೇರು ಸ್ಟೀರಿಂಗ್ ಪಕ್ಕ ಇರಬೇಕು, ನನ್ನ ಗಾಡೀಲಿ ನೆಲದಿಂದ ಎದ್ದು ನಿಂತಿತ್ತು! ನಿಮ್ಮ ಪದ್ಮಿನಿಯದೂ ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರೇ ಅಲ್ವಾ? ಜಿಪ್ಸಿ ಗೇರ್‌ಬಾಕ್ಸ್ ಕೂರಿಸಿದರೆ ಕಿಟಕಿಯಿಂದಲೇ ಕಾಣುತ್ತದೆ.

ಆಮೇಲೆ ಶುರುವಾಯಿತು ಓಡಾಟ. ಆ ಇಸುಜು ಎಂಜಿನ್ ಎಲ್ಲಿಂದ ಬಂತು? ಬಿಲ್ ಎಲ್ಲಿ? ಯಾವ ಗಾಡಿಯದು, ಆ ಗಾಡಿಯ ಆರ್‌ಸಿ ರದ್ದಾಗಿದೆಯಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕದ್ದ ಗಾಡಿಯ ಎಂಜಿನ್ ಅಲ್ಲ ಅಂತ ತೋರಿಸುವ ಹೊಣೆ ನನ್ನ ತಲೆಗೆ ಬಂತು. ಅದನ್ನು ಯಾರು ಹಾಕಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಇಸುಜು ಇಳಿಸಿ, ಹಳೇ ಮಾದರಿಯ ಎಂಜಿನ್ ಹುಡುಕಿ, ಬಿಲ್ಲು ಮತ್ತು ಅದರ ಹಿಂದಿನ ಗಾಡಿಯ ಆರ್‌ಸಿ ರದ್ದಾದ ಕಾಗದದ ಸಮೇತ ಕೊಂಡು ಹಾಕಿಸಿದೆ. ಹೊಸ ನಂಬರ್ ಆರ್‌ಸಿಗೆ ಸೇರಿತು. ಎಂಜಿನ್‌ಗೆ ಕೊಟ್ಟಿದ್ದಕ್ಕಿಂತ ಓಡಾಟಕ್ಕೆ ಹೋದ ರಜೆಗಳೇ ನನಗೆ ಜಾಸ್ತಿ ನೋವು.

ಇನ್ನು ದಂಡದ ವಿಷಯ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಬಿಡಿಭಾಗ ಹಾಕಿ ಗಾಡಿ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನಗೆ ಅದಕ್ಕಿಂತ ದೊಡ್ಡ ಭಯ ಇನ್ಶೂರೆನ್ಸ್‌ದು. ಪಾಲಿಸಿಯಲ್ಲಿ ಇರುವುದು ಆರ್‌ಸಿಯ ಎಂಜಿನ್ ನಂಬರ್. ಅಪಘಾತವಾದಾಗ ಬೇರೆ ಎಂಜಿನ್ ಸಿಕ್ಕರೆ ಕ್ಲೇಮ್ ತಳ್ಳಿಹಾಕಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗೆ. ಇನ್ನೊಂದು ಮಾತು, ಇದು ಕಾನೂನಿನದಲ್ಲ: ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಜಿಪ್ಸಿ ಎಂಜಿನ್ನಿನ ಶಕ್ತಿಗೆ ಅದು ಮಾಡಿದ್ದಲ್ಲ. ಮೆಕ್ಯಾನಿಕ್ ಬ್ರೇಕಿನ ಬಗ್ಗೆ ಏನಾದ್ರೂ ಹೇಳಿದರಾ?

ನೀವು ಕೇಳದ ಒಂದು ವಿಷಯ ಇದೆ, ನನ್ನ ಲೆಕ್ಕದಲ್ಲಿ ನಿಮಗೆ ಅದೇ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ಅದು ಅನ್ವಯಿಸುತ್ತದೆ. ನಿಮ್ಮ ಕಾರು ಈಗಾಗಲೇ ದಾಟಿದೆ. ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ರಿಜಿಸ್ಟರ್ ಆಗುವ ವಿಂಟೇಜ್ ಗಾಡಿಗೆ ವಿಎ ಸರಣಿಯ ನಂಬರ್ ಸಿಗುತ್ತದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದ್ರೆ ಷರತ್ತು ನೋಡಿ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು. ಜಿಪ್ಸಿ ಎಂಜಿನ್ ಹಾಕಿಸಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ವಿಂಟೇಜ್ ಅಂತ ಮಾಡಿಸಿದ ಮೇಲೆ ದಿನಾ ಆಫೀಸಿಗೆ ಓಡಿಸುವಂತಿಲ್ಲ, ಅದೂ ಗೊತ್ತಿರಲಿ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೇ ಎಂಜಿನ್ ಬಿಚ್ಚಿಸಿ ನೋಡ್ತಿದ್ದೆ. ಜಾಮ್ ಆಗಿದೆ ಅಂದ ತಕ್ಷಣ ಸತ್ತಿದೆ ಅಂತಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಿಂಗುಗಳು ತುಕ್ಕಿಗೆ ಅಂಟಿಕೊಂಡಿರುತ್ತವೆ ಅಷ್ಟೇ. ಬೋರ್ ಮಾಡಿಸಿ ಅಥವಾ ಸ್ಲೀವ್ ಹಾಕಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕಿದರೆ ಎಷ್ಟೋ ಎಂಜಿನ್ ಎದ್ದು ಕೂರುತ್ತವೆ. ಬ್ಲಾಕೇ ಸೀಳಿದ್ದರೆ ಮಾತ್ರ ಇನ್ನೊಂದು ಪದ್ಮಿನಿ ಎಂಜಿನ್ ಹುಡುಕಿ. ಕಾಗದ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಗ್ಯಾರೇಜಿಗೆ ಬಿಡುವ ಮೊದಲು ಬ್ಲಾಕ್ ಮೇಲಿನ ನಂಬರ್ ಒರೆಸಿ ಫೋಟೋ ತೆಗೆದಿಟ್ಟುಕೊಳ್ಳಿ, ಆರ್‌ಸಿ ಜೊತೆ ಹೋಲಿಸಿ. ಆರ್‌ಸಿ ಅವಧಿ ಮುಗಿದಿದೆಯಾ ಅಂತಲೂ ನೋಡಿ. ಮುಗಿದಿದ್ದರೆ ಅದನ್ನು ಇಲ್ಲೇ ಬರೆಯಿರಿ, ಉತ್ತರ ಸ್ವಲ್ಪ ಬದಲಾಗುತ್ತದೆ.